ಖಾಲಿ ಮುಖದ ಪೆಟ್ಟಿಗೆ

ನಮ್ಮ ಕಡೆ ಯಾವುದೇ ಕೆಲಸದವನ ಹತ್ತಿರ ಹೋಗಿ ‘ನನಗೆ ಇಂಥದ್ದೇ ಬೇಕು’ ಅಂತ ಹೇಳಿ ನೋಡಿ. ಆತ ತಲೆ ಆಡಿಸುತ್ತಾನೆ, ಹ್ಞೂಂ ಅನ್ನುತ್ತಾನೆ, ಚಹಾ ಕೂಡ ತರಿಸುತ್ತಾನೆ. ಆಮೇಲೆ ತನಗೆ ಸರಿ ಕಂಡದ್ದನ್ನು ಮಾಡಿಕೊಡುತ್ತಾನೆ. ಜಗಳ ಆಡೋಣ ಅಂದರೆ ಕೆಲಸ ಚೆನ್ನಾಗಿಯೇ ಇರುತ್ತದೆ, ಅದೇ ದೊಡ್ಡ ತಾಪತ್ರಯ. ಕಂಪ್ಯೂಟರಿಗೊಂದು ಪೆಟ್ಟಿಗೆ ಮಾಡಿಸಲು ಹೊರಟ ನನಗೆ ಕಳೆದ ಒಂದು ವರ್ಷದಲ್ಲಿ ಇದು ಎಷ್ಟು ಸಲ ಆಯಿತು ಅಂದರೆ, ಈಗ ಯಾರಾದರೂ ನನ್ನ ಮಾತನ್ನು ಹೇಳಿದ ಹಾಗೇ ಕೇಳಿದರೆ ಇವರಿಗೆ ಮೈ ಹುಷಾರಿಲ್ಲವೇನೋ ಅನ್ನಿಸುತ್ತದೆ.

೧. ಇಂಕು ಖಾಲಿ

ಸಿದ್ದಾಪುರ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಕೋಲಸಿರ್ಸಿಯಿಂದ ದಿನಾ ಬಸ್ಸಿಗೆ ಹೋಗಿ ಬರೋದು. ಲಗ್ನಪತ್ರಿಕೆ, ಉಪನಯನದ ಪತ್ರಿಕೆ, ಗೃಹಪ್ರವೇಶದ್ದು, ಅಂಗಡಿಗಳ ಬಿಲ್ ಪುಸ್ತಕ, ಹೀಗೆ ಇಪ್ಪತ್ತೆರಡು ವರ್ಷದಿಂದ ಬರೆದು ಬರೆದು ಹಾಕಿದ್ದೇನೆ. ಈ ಕೆಲಸದಲ್ಲಿ ನನಗೆ ಒಂದೇ ದುಃಖ. ನಮ್ಮ ಗಿರಾಕಿಗಳಿಗೆ ಕಾಗದದ ಮೇಲೆ ಖಾಲಿ ಜಾಗ ಕಂಡರೆ ಆಗೋದಿಲ್ಲ.

“ಇಲ್ಲಿ ಎಂತಕ್ಕೆ ಖಾಲಿ ಬಿಟ್ಟಿದ್ದೀರಿ?” ಅಂತ ಕೇಳುತ್ತಾರೆ.

“ಕಣ್ಣಿಗೆ ಹಿತ ಅಂತ ಬಿಟ್ಟದ್ದು.”

“ಪೂರ್ತಿ ಕಾಗದಕ್ಕೆ ದುಡ್ಡು ಕೊಡ್ತೇವಲ್ಲ ಅಕ್ಕ, ಒಂದು ಬಾಳೆಗಿಡನಾದ್ರೂ ಹಾಕಿ.”

ಬಾಳೆಗಿಡ ಹಾಕುತ್ತೇನೆ. ಆಚೆ ಕಡೆ ಬೋಳು ಕಾಣುತ್ತದೆ ಅಂತ ಅಲ್ಲೊಂದು. ಮೇಲೆ ತೋರಣ. ತೋರಣದ ಕೆಳಗೆ ಓಲಗದವರು. ಕೊನೆಗೆ ಮದುಮಕ್ಕಳ ಹೆಸರು ಎಲ್ಲಿದೆ ಅಂತ ಹುಡುಕಬೇಕು.

ಹೋದ ವರ್ಷ ನನ್ನ ಕಂಪ್ಯೂಟರಿನ ಧೂಳು ಹೊಡೆಯೋಣ ಅಂತ ಎತ್ತಿದೆ. ಪೆಟ್ಟಿಗೆಯ ಅಡಿ ತಗಡು ತುಕ್ಕು ಹಿಡಿದು ಹಪ್ಪಳದ ಹಾಗೆ ಆಗಿತ್ತು, ಮೇಜಿನ ಮೇಲೇ ಉಳಿಯಿತು. ಶಿರಸಿಯ ರಿಪೇರಿಯವ ಬಂದು ನೋಡಿ, “ಒಳಗಿನದೆಲ್ಲ ಗಟ್ಟಿ ಇದೆ ಅಕ್ಕ, ಸುತ್ತ ಇದ್ದದ್ದು ಮಾತ್ರ ಹೋಯ್ತು” ಅಂದ. ಹೊಸ ಪೆಟ್ಟಿಗೆಗಳ ಫೋಟೋ ತೋರಿಸಿದ. ಎಲ್ಲದಕ್ಕೂ ಗಾಜು, ಒಳಗೆ ಕೆಂಪು ನೀಲಿ ಹಸಿರು ದೀಪ, ಐಸ್‌ಕ್ರೀಂ ಗಾಡಿಯ ಹಾಗೆ. ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ವೈಕುಂಠ ಸಮಾರಾಧನೆಯ ಪತ್ರಿಕೆ ಬರೆಯೋದು ಹೇಗೆ?

ನಾನೇ ಮಾಡಿಸುತ್ತೇನೆ ಅಂದೆ. ಒಂದು ವಾರ ಕೂತು ನಕ್ಷೆ ತೆಗೆದೆ. ಸುತ್ತ ಮರ, ಮುಂದೆ ಮತ್ತು ಹಿಂದೆ ತಗಡು. ಮುಂದಿನ ತಗಡಿನ ಬುಡದಲ್ಲಿ ಗಾಳಿ ಒಳಗೆ ಹೋಗಲು ಒಂದು ಉದ್ದ ಸೀಳು, ಬಿಸಿ ಗಾಳಿ ಹೊರಗೆ ಬರಲು ಮೇಲಿನ ಹಲಗೆಯಲ್ಲಿ ನಾಲ್ಕು. ಅಷ್ಟೇ. ಮುಂದಿನ ಮುಖದಲ್ಲಿ ಚಿತ್ರ ಇಲ್ಲ, ಹೆಸರಿಲ್ಲ, ಗುಂಡಿ ಕೂಡ ಇಲ್ಲ. ಊರವರ ಖಾಲಿ ಜಾಗವನ್ನೆಲ್ಲ ತುಂಬಿಸಿ ಕೊಟ್ಟವಳು ನಾನು. ನನ್ನ ಮೇಜಿನ ಮೇಲೆ, ನಾನು ಬರೆದ ಹಾಗೇ ಇರುವ ವಸ್ತು ಒಂದೇ ಒಂದು ಇರಲಿ ಅನ್ನಿಸಿತು. ಅದರ ಆಸೆ ನನಗೆ ಎಷ್ಟಿತ್ತು ಅಂದರೆ, ಯಾರ ಹತ್ತಿರವಾದರೂ ಹೇಳಿದರೆ ನಗುತ್ತಾರೆ ಅಂತ ಹೇಳಿರಲಿಲ್ಲ.

ನಕ್ಷೆಯನ್ನು ಅಳತೆಗೆ ಸರಿಯಾಗಿ ದೊಡ್ಡ ಕಾಗದದಲ್ಲಿ ಪ್ರಿಂಟ್ ತೆಗೆದು ಮನೆಗೆ ತಂದೆ. ನಮ್ಮನೆಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದೂ ನೋಡಿದರು.

“ಎಂತದೇ ಇದು, ಒಂದು ಚೌಕ ಬಿಟ್ರೆ ಎಂತದೂ ಇಲ್ಲೆ,” ಅಂದರು. “ಇಂಕು ಖಾಲಿ ಆತ?”

೨. ಕತ್ತೆ, ಆನೆ

ಮರದ ಕೆಲಸಕ್ಕೆ ನಮ್ಮೂರಿನ ಆಚಾರಿಯ ಹತ್ತಿರ ಹೋದೆ. ವಯಸ್ಸಾದವರು, ಈ ಸುತ್ತಿನ ಅರ್ಧ ಮನೆಗಳ ಬಾಗಿಲು ಅವರದ್ದೇ. ನಕ್ಷೆಯನ್ನು ಹಲಗೆಯ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಒಂದೊಂದು ಉಳಿ ಇಟ್ಟು, ಬಹಳ ಹೊತ್ತು ನೋಡಿದರು.

“ಅಮ್ಮಾ, ಇದಕ್ಕೆ ಬಾಗಿಲು ಇದೆಯಲ್ಲ?”

“ಬಾಗಿಲಲ್ಲ ಆಚಾರ್ರೆ. ಒಳಗಿನದು ರಿಪೇರಿ ಮಾಡೋಕೆ ಪಕ್ಕದ ಹಲಗೆ ತೆಗೆದು ಹಾಕೋ ಹಾಗೆ ಇರಬೇಕು.”

“ತೆಗೆದು ಹಾಕೋದು ಅಂದ್ರೆ ಬಾಗಿಲೇ ಆಯ್ತು. ಬಾಗಿಲು ಅಂದಮೇಲೆ ಆಯ ನೋಡ್ಬೇಕು.”

ಆಯ ಅಂದರೆ ಮನೆಗೆ, ಬಾಗಿಲಿಗೆ ಅಳತೆ ಇಡುವಾಗಿನ ಲೆಕ್ಕ. ಉದ್ದ ಅಗಲ ಗುಣಿಸಿ, ಭಾಗಿಸಿ, ಉಳಿದ ಶೇಷ ಏನು ಅಂತ ನೋಡೋದು. ಒಳ್ಳೆಯ ಶೇಷ ಬಂದರೆ ಆನೆ, ಸಿಂಹ. ಕೆಟ್ಟದ್ದು ಬಂದರೆ ನಾಯಿ, ಕತ್ತೆ, ಕಾಗೆ. ಆಚಾರಿ ಕಿವಿಯ ಮೇಲಿನ ಪೆನ್ಸಿಲು ತೆಗೆದು ಹಲಗೆಯ ಮೇಲೇ ಲೆಕ್ಕ ಮಾಡಿದರು. ಮುಖ ಸಣ್ಣದಾಯಿತು.

“ಕತ್ತೆ ಬಂತು.”

“ಬರಲಿ ಆಚಾರ್ರೆ. ಇದರೊಳಗೆ ಯಾರೂ ವಾಸ ಮಾಡೋದಿಲ್ಲ.”

“ವಾಸ ಮಾಡದಿದ್ರೆ ಏನಾಯ್ತು? ದಿನಕ್ಕೆ ಹತ್ತು ತಾಸು ಒಳಗೆ ಕೆಲಸ ನಡೀತದಲ್ಲ. ಕತ್ತೆ ಆಯದಲ್ಲಿ ಎಂಥ ಕೆಲಸ ಆಗ್ತದೆ, ನೀವೇ ಹೇಳಿ.”

ನನ್ನ ಹಳೆ ಕಂಪ್ಯೂಟರಿನ ಕೆಲಸದ ರೀತಿ ನೆನಪಾಯಿತು. ಆದರೆ ನಕ್ಷೆಯ ಅಳತೆ ಮುಟ್ಟಬೇಡಿ, ಕೂದಲಿನಷ್ಟೂ ಬೇಡ, ಅಂತ ಕೈ ಮುಗಿದು ಹೇಳಿ ಬಂದೆ. ಅವರೂ ಹ್ಞೂಂ ಅಂದರು.

ಹದಿನೈದು ದಿವಸಕ್ಕೆ ಪೆಟ್ಟಿಗೆ ತಯಾರಾಯಿತು. ಹಲಸಿನ ಮರ, ಬೆರಳು ಆಡಿಸಿದರೆ ಬೆಣ್ಣೆಯ ಹಾಗೆ. ಖುಷಿಯಿಂದ ಸಾಮಾನೆಲ್ಲ ಅಲ್ಲಿಗೇ ತಗೊಂಡು ಹೋಗಿ ಒಂದೊಂದಾಗಿ ಕೂರಿಸಿದೆ. ಕರೆಂಟು ಕೊಡುವ ಡಬ್ಬಿ ಮಾತ್ರ ಒಳಗೆ ಹೋಗಲೇ ಇಲ್ಲ. ಅಗಲದಲ್ಲಿ ಮುಕ್ಕಾಲು ಇಂಚು ಕಮ್ಮಿ.

“ಅಳತೆ ಮುಟ್ಟೋದಿಲ್ಲ ಅಂದಿದ್ರಲ್ಲ?”

“ಮುಟ್ಟಲಿಲ್ಲ ಅಮ್ಮ, ಮುಕ್ಕಾಲು ಇಂಚು ಬಿಟ್ಟೆ, ಅಷ್ಟೇ. ಈಗ ಆನೆ ಬಂತು ನೋಡಿ.”

“ಆನೆ ಬಂತು, ಡಬ್ಬಿ ಹೊರಗೆ ಉಳೀತು.”

ಆಚಾರಿ ಆ ಡಬ್ಬಿಯನ್ನು ಕೈಗೆ ತಗೊಂಡು, ಎಲ್ಲ ಕಡೆ ನೋಡಿ, ಬೆರಳಿನಿಂದ ಬಡಿದರು.

“ಇದರ ತುದಿ ಸ್ವಲ್ಪ ಕೊಯ್ದರೆ ಆಯ್ತಮ್ಮ,” ಅಂದರು. “ಇದಕ್ಕೆ ಬಾಗಿಲಿಲ್ಲ. ಆಯ ನೋಡೋ ರಗಳೆ ಇಲ್ಲ.”

೩. ಪುಕ್ಕಟೆ ನವಿಲು

ಮತ್ತೊಂದು ತಿಂಗಳಿಗೆ ಅವರೇ ಪೆಟ್ಟಿಗೆ ಬಿಚ್ಚಿ ನನ್ನ ಅಳತೆಗೆ ಮಾಡಿಕೊಟ್ಟರು. ಮುಂದೆ ಏನಾದರೂ ಆದರೆ ನನ್ನನ್ನು ಕೇಳಬೇಡಿ ಅಂತ ಮೂರು ಸಲ ಹೇಳಿ ಕೊಟ್ಟರು. ಇನ್ನು ಉಳಿದದ್ದು ತಗಡಿನ ಕೆಲಸ. ಅದಕ್ಕೆ ಶಿರಸಿಯಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುವ ಒಬ್ಬರಿದ್ದಾರೆ. ಬನವಾಸಿ ಕಡೆಯವರು, ಮಾತು ಭಾರಿ ಮರ್ಯಾದೆ.

“ಬರ್ರಿ ಅಕ್ಕಾರ, ಕುಂಡ್ರಿ. ಏನಾಗಬೇಕ್ರಿ?”

ನಕ್ಷೆ ಕೊಟ್ಟೆ. ಹಿಂದಿನ ತಗಡಿಗೆ ಎಲ್ಲೆಲ್ಲಿ ತೂತು ಬೇಕು ಅಂತ ಗುರುತು ಹಾಕಿದ್ದೆ. ಮುಂದಿನದಕ್ಕೆ ಬುಡದ ಸೀಳು ಬಿಟ್ಟರೆ ಏನೂ ಬೇಡ ಅಂತ ಬಾಯಲ್ಲೂ ಹೇಳಿದೆ, ಕೆಂಪು ಪೆನ್ನಿನಲ್ಲೂ ಬರೆದೆ.

ಮುಂದಿನ ವಾರ ಹೋದಾಗ ಹಿಂದಿನ ತಗಡು ಒಂದು ನೂಲೂ ತಪ್ಪಿಲ್ಲದೆ ಬಂದಿತ್ತು. ಮುಂದಿನ ತಗಡನ್ನು ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿ ತೋರಿಸಿದರು. ತಗಡಿನ ತುಂಬ ಒಂದು ನವಿಲು. ಗರಿ ಬಿಚ್ಚಿ ನಿಂತಿದೆ. ಒಂದೊಂದು ಗರಿಯನ್ನೂ ಬಿಡಿಸಿ ಕೊಯ್ದಿದ್ದಾರೆ.

“ಏನ್ರಿ ಇದು?”

“ಖಾಲಿ ತಗಡ ಕೊಟ್ರ ನನ್ನ ಹೆಸರ ಹೋಗ್ತೈತ್ರಿ ಅಕ್ಕಾರ. ನೋಡಿದವ್ರು ಕೆಲಸ ಅರ್ಧಕ್ಕ ಬಿಟ್ಟಾನ ಅಂತಾರ. ನವಿಲಿಗೆ ರೊಕ್ಕ ಬ್ಯಾಡ್ರಿ, ಪುಕ್ಕಟೆ.”

ನನಗೆ ಸಿಟ್ಟು ನೆತ್ತಿಗೇರಿತು. ಬೇಡ ಬೇಡ ಅಂತ ಬರೆದು ಕೊಟ್ಟರೂ ಹೀಗೆ ಮಾಡಿದರೆ ಮನುಷ್ಯರು ಏನು ಮಾಡೋದು? “ಎಲ್ಲಿಂದ ತಂದ್ರಿ ಈ ದರಿದ್ರ ನವಿಲನ್ನ?” ಅಂದುಬಿಟ್ಟೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ಗೋಡೆಯ ಕಪಾಟಿನಿಂದ ಒಂದು ಹಳೆ ಲಗ್ನಪತ್ರಿಕೆ ತೆಗೆದು ನನ್ನ ಕೈಗೆ ಕೊಟ್ಟರು. ಮೂಲೆಯಲ್ಲಿ ಅದೇ ನವಿಲು. ಕೆಳಗೆ ನನ್ನ ಅಂಗಡಿಯ ಹೆಸರು.

“ಹಂಗನಬ್ಯಾಡ್ರಿ ಅಕ್ಕಾರ,” ಅಂದರು. “ನಮ್ಮ ತಂಗಿ ಲಗ್ನದ್ದು. ನಾವು ಏನೂ ಕೇಳಿದ್ದಿಲ್ಲ. ಇಲ್ಲಿ ಖಾಲಿ ಕಾಣ್ತೈತಿ, ಒಂದು ನವಿಲ ಇರ್ಲಿ ಅಂತ ನೀವ ಹಾಕಿದ್ರಿ.”

೪. ಅಡಿಗೆ ಗಾಳಿ

ಆ ದಿವಸ ಅಲ್ಲಿಂದ ಏಳಲಿಲ್ಲ. ಎದುರಿಗೇ ಕೂತು ಖಾಲಿ ತಗಡು ಕೊಯ್ಯಿಸಿದೆ. ಅವರು ಎರಡು ಸಲ “ಒಂದು ಸಣ್ಣ ಹೂವು?” ಅಂತ ಕೇಳಿದರು. ನಾನು ಎರಡು ಸಲ ತಲೆ ಅಲ್ಲಾಡಿಸಿದೆ. ಅಳತೆ ನೋಡಲು ಮರದ ಪೆಟ್ಟಿಗೆಯನ್ನೂ ಒಯ್ದಿದ್ದೆ, ಅದಕ್ಕೇ ತಗಡು ಜೋಡಿಸಿಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ.

ಬಸ್ಸು ತುಂಬಿತ್ತು. ಪೆಟ್ಟಿಗೆಯನ್ನು ಬಾಗಿಲ ಹತ್ತಿರ ಇಟ್ಟುಕೊಂಡು ನಿಂತೆ. ಕಂಡಕ್ಟರು ಬಂದು ಒಳಗೆ ಏನಿದೆ ಅಂತ ಕೇಳಿದ. ಏನೂ ಇಲ್ಲ ಅಂದೆ. ಏನೂ ಇಲ್ಲದ್ದನ್ನು ಯಾಕೆ ಒಯ್ತೀರಿ ಅಂದ. ನಾನು ಪೆಟ್ಟಿಗೆಯನ್ನು ಇನ್ನಷ್ಟು ಬದಿಗೆ ಸರಿಸಿಕೊಂಡೆ.

ಹತ್ತಿರ ನಿಂತಿದ್ದ ಒಬ್ಬರು ಅಜ್ಜಿ, “ಕೂಸೆ, ಇದ್ರ ಮೇಲೆ ಕೂತ್ರೆ ಅಡ್ಡಿ ಇದ್ದ?” ಅಂದರು. ಆ ವಯಸ್ಸಿನವರನ್ನು ನಿಲ್ಲಿಸೋದು ಹೇಗೆ? “ಅಡ್ಡಿಲ್ಲೆ, ಕೂತ್ಕಳಿ” ಅಂದೆ. ಪೂರ್ತಿ ದಾರಿ ಅವರು ಪೆಟ್ಟಿಗೆಯ ಮೇಲೆ, ನಾನು ಕಂಬ ಹಿಡಿದುಕೊಂಡು. ಒಂದೊಂದು ಗುಂಡಿಗೆ ಬಸ್ಸು ಹಾರಿದಾಗಲೂ ಬಗ್ಗಿ ಪೆಟ್ಟಿಗೆಯ ಮೂಲೆಗಳನ್ನು ನೋಡುತ್ತಿದ್ದೆ.

ಕೋಲಸಿರ್ಸಿಯಲ್ಲಿ ನಾನು ಇಳಿಯುವಾಗ ಅಜ್ಜಿ ಎದ್ದು ಸೀರೆ ಕೊಡವಿಕೊಂಡರು. ಪೆಟ್ಟಿಗೆಯನ್ನು ಒಮ್ಮೆ ನೋಡಿದರು.

“ಗಟ್ಟಿ ಇದ್ದು,” ಅಂದರು. “ಆದ್ರೆ ಅಡಿಗೆ ಗಾಳಿ ರಾಶಿ ಬತ್ತು. ಎಂಗೆ ಚಳಿನೇ ಆಗೋತು.”

ಕಂಪ್ಯೂಟರಿಗೆ ಗಾಳಿ ಸಾಲುತ್ತದೋ ಇಲ್ಲವೋ ಅಂತ ನಕ್ಷೆ ತೆಗೆದ ದಿವಸದಿಂದ ಹೆದರುತ್ತಿದ್ದೆ. ಆ ಚಿಂತೆ ಅವತ್ತಿಗೆ ಬಿಟ್ಟೆ.

೫. ಬೆಲ್ ಅಲ್ಲ

ಇವತ್ತು ನಾಳೆ ಅಂತ ತಿಂಗಳುಗಟ್ಟಲೆ ಕಾಯಿಸಿ, ವೈರಿಂಗಿಗೆ ಯಲ್ಲಾಪುರದಿಂದ ನನ್ನ ಚಿಕ್ಕಮ್ಮನ ಮಗ ಬಂದ. ಕರೆಂಟಿನ ಕೆಲಸದಲ್ಲಿ ಪಳಗಿದವ. ಕಂಪ್ಯೂಟರು ಶುರು ಮಾಡುವ ಗುಂಡಿಯನ್ನು ಹಿಂದುಗಡೆ, ಕಣ್ಣಿಗೆ ಕಾಣದ ಹಾಗೆ ಇಡು ಅಂತ ಹೇಳಿ ನಾನು ಕಾಗದ ತರಲು ಹೋಗಿದ್ದೆ. ಬರುವಷ್ಟರಲ್ಲಿ ಪೆಟ್ಟಿಗೆಯ ಪಕ್ಕದಲ್ಲಿ, ಗಿರಾಕಿಗಳು ನಿಲ್ಲುವ ಕಡೆಗೇ, ಬಿಳಿ ಬಣ್ಣದ ಕರೆಗಂಟೆಯ ಗುಂಡಿ ಕೂತಿತ್ತು. ಅದರ ಮೇಲೆ ಗಂಟೆಯ ಚಿತ್ರ.

“ಎಂತದೋ ಇದು?”

“ಅಕ್ಕ, ಇದಕ್ಕೂ ಬೆಲ್ಲಿಗೂ ಲೆಕ್ಕ ಒಂದೇಯ. ಒತ್ತಿ ಬಿಟ್ರೆ ಆತು. ಹಿಂದೆ ಇಟ್ರೆ ದಿನಾ ಬಗ್ಗಕ್ಕು, ನಿಂಗೆ ಸೊಂಟ ನೋವು.”

ಸೊಂಟದ ಮೇಲಿನ ಪ್ರೀತಿಗೆ ಏನು ಹೇಳೋದು. ಎರಡು ದಿವಸ ನೋಡೋಣ ಅಂದೆ.

ಮರುದಿವಸ ಒಂದು ಲಗ್ನಪತ್ರಿಕೆಗೆ ‘ತಮ್ಮ ಆಗಮನಾಭಿಲಾಷಿಗಳು’ ಅಂತ ಅರವತ್ತು ಚಿಲ್ಲರೆ ಹೆಸರು ಹೊಡೆದು, ಕಾಗದ ಕತ್ತರಿಸಲು ಹಿಂದಿನ ಕೋಣೆಗೆ ಹೋದೆ. ತಿರುಗಿ ಬಂದರೆ ಪರದೆ ಕಪ್ಪಗಿದೆ. ಎದುರಿಗೆ ಕೊಡೆ ಹಿಡಿದ ಹಿರಿಯರೊಬ್ಬರು ನಿಂತಿದ್ದಾರೆ.

“ಎಷ್ಟು ಹೊತ್ತಿಂದ ಬೆಲ್ ಒತ್ತದು ತಂಗಿ? ಮೂರು ಸಲ ಒತ್ತಿದಿ. ಹಾಳಾಯ್ದು, ರಿಪೇರಿ ಮಾಡ್ಸು.”

ಮೊದಲನೆಯ ಸಲಕ್ಕೆ ಬಂದ್ ಆಗಿದೆ, ಎರಡನೆಯದಕ್ಕೆ ಶುರುವಾಗಿದೆ, ಮೂರನೆಯದಕ್ಕೆ ಮತ್ತೆ ಬಂದ್. ಅರವತ್ತು ಚಿಲ್ಲರೆ ಅಭಿಲಾಷಿಗಳೂ ಮಾಯ. ಹಿರಿಯರ ಎರಡು ಪುಟ ಝೆರಾಕ್ಸ್ ಮಾಡಿಕೊಟ್ಟು ಕಳಿಸಿ, ದಪ್ಪ ಅಕ್ಷರದಲ್ಲಿ ‘ಇದು ಬೆಲ್ ಅಲ್ಲ’ ಅಂತ ಬರೆದು ಗುಂಡಿಯ ಮೇಲೆ ಅಂಟಿಸಿದೆ.

ಮಧ್ಯಾಹ್ನ ಮತ್ತೊಬ್ಬರು ಬಂದರು. ನಾನು ಎದುರಿಗೇ ಕೂತು ಅದೇ ಹೆಸರುಗಳನ್ನು ಎರಡನೆಯ ಸಲ ಹೊಡೆಯುತ್ತಿದ್ದೆ. ಅವರು ಕನ್ನಡಕ ಹಾಕಿಕೊಂಡು ಆ ಚೀಟಿಯನ್ನು ಗಟ್ಟಿಯಾಗಿ ಓದಿದರು. ಓದಿ, ಗುಂಡಿ ಒತ್ತಿದರು. ಕಿವಿಗೊಟ್ಟು ಸ್ವಲ್ಪ ಹೊತ್ತು ಕಾದರು.

“ಹವ್ದು ತಂಗಿ,” ಅಂದರು, “ಬೆಲ್ ಅಲ್ಲ.”

೬. ಒಪ್ಪಿಗೆ

ಚಿಕ್ಕಮ್ಮನ ಮಗನನ್ನು ಮತ್ತೆ ಕರೆಸಿ, ಗುಂಡಿ ಹಿಂದಕ್ಕೆ ಹಾಕಿಸಿ, ಪಕ್ಕದ ತೂತಿಗೆ ಮರ ತುಂಬಿಸಿದ್ದಾಯಿತು. ಅವತ್ತು ಪೆಟ್ಟಿಗೆಯ ಪಕ್ಕದಲ್ಲಿ ನಕ್ಷೆ ಇಟ್ಟು ನೋಡಿದೆ. ಒಂದು ವರ್ಷದ ಮೇಲೆ, ಕೊನೆಗೂ, ನಾನು ಬರೆದದ್ದೂ ಎದುರಿಗೆ ಇದ್ದದ್ದೂ ಒಂದೇ. ಖಾಲಿ ಮುಖ, ಬುಡದಲ್ಲಿ ಒಂದು ಸೀಳು. ನನಗೆ ಕಣ್ಣು ತುಂಬಿ ಬಂತು. ನಮ್ಮನೆಯವರಿಗೆ ಗೊತ್ತಾದರೆ ಮತ್ತೆ ಇಂಕಿನ ಮಾತು ತೆಗೆಯುತ್ತಾರೆ ಅಂತ ಒರೆಸಿಕೊಂಡೆ.

ಇನ್ನು ಪಾಲಿಶ್ ಒಂದು ಬಾಕಿ. ಅಂಗಡಿಯ ಪಾಲಿಶಿಗೆ ವಾಸನೆ, ಬಿಸಿಗೆ ಒಡೆಯುತ್ತದೆ, ಜೇನುಮೇಣ ಉಜ್ಜಿದರೆ ಮರ ನೂರು ವರ್ಷ ಬಾಳುತ್ತದೆ ಅಂತ ಆಚಾರಿ ಒಂದು ಮುದ್ದೆ ಮೇಣ ಕೊಟ್ಟಿದ್ದರು. ಒಳಗಿನ ಸಾಮಾನೆಲ್ಲ ಬಿಚ್ಚಿ, ಪೆಟ್ಟಿಗೆ ಮನೆಗೆ ತಂದು, ಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಒಳಗೂ ಹೊರಗೂ ಚೆನ್ನಾಗಿ ತಿಕ್ಕಿದೆ. ಆರಲಿ ಅಂತ ಜಗಲಿಯ ಬೆಂಚಿನ ಮೇಲೆ ಇಟ್ಟೆ. ಚಳಿ ಕಳೆದು ಬಿಸಿಲು ಏರುವ ದಿವಸಗಳು. ಸೋಮವಾರ ಅಂಗಡಿಗೆ ಒಯ್ಯೋದು ಅಂತ ಲೆಕ್ಕ.

ಸೋಮವಾರ ಬೆಳಿಗ್ಗೆ ಎತ್ತಲು ಕೈ ಹಾಕಿದರೆ ಒಳಗೆ ಗುಂಯ್ ಅಂತ ಶಬ್ದ. ಫ್ಯಾನು ತಿರುಗುತ್ತಿದೆ ಅಂದುಕೊಂಡೆ. ಆಮೇಲೆ ಫ್ಯಾನು ಅಂಗಡಿಯಲ್ಲಿದೆ ಅನ್ನೋದು ಹೊಳೆಯಿತು. ಬಗ್ಗಿ ನೋಡಿದರೆ ಬುಡದ ಸೀಳಿನಿಂದ ಜೇನುಹುಳಗಳು ಒಂದೊಂದಾಗಿ ಹೊರಗೆ ಬರುತ್ತಿವೆ, ಒಳಗೆ ಹೋಗುತ್ತಿವೆ.

ನಾನು ಕೂಗಿದ್ದಕ್ಕೆ ಅತ್ತೆ ಒಳಗಿಂದ ಬಂದರು. ನೋಡಿ ಕೈ ಮುಗಿದರು.

“ಮುಟ್ಟಡ, ಮುಟ್ಟಡ. ತಾನಾಗಿ ಬಂದ ಜೇನು ಓಡ್ಸಲಾಗ.”

“ಅತ್ತೆ, ಅದು ಕಂಪ್ಯೂಟರಿನ ಪೆಟ್ಟಿಗೆ.”

“ಅದು ನಿಂಗೆ ಗೊತ್ತಿದ್ದು. ಅವಕ್ಕೆ ಗೊತ್ತಿದ್ದ?”

ಪಕ್ಕದ ಮನೆಯ ಭಾವನಿಗೆ ಜೇನು ಸಾಕುವ ಹುಚ್ಚು. ಮೇಣದ ವಾಸನೆಗೇ ಹಿಂಡು ಬಂದು ಕೂತದ್ದು, ಖಾಲಿ ಪೆಟ್ಟಿಗೆಗೆ ಜೇನು ಬರಲಿ ಅಂತ ತಾವೂ ಅದನ್ನೇ ಹಚ್ಚೋದು ಅಂದರು. ಸಂಜೆ ಸ್ವಲ್ಪ ಹೊಗೆ ಕೊಟ್ಟು, ರಾಣಿಯನ್ನು ಹುಡುಕಿ, ಇಡೀ ಹಿಂಡನ್ನು ತಮ್ಮ ಪೆಟ್ಟಿಗೆಗೆ ಹಾಕಿಕೊಂಡು ಹೋದರು. ನಾನು ದೇವರಿಗೊಂದು ಕಾಯಿ ಹೇಳಿಕೊಂಡೆ. ಮರುದಿವಸ ಹತ್ತು ಗಂಟೆಗೆ ಅಷ್ಟೂ ಹುಳಗಳು ಮೋಡದ ಹಾಗೆ ಎದ್ದು ಬಂದು ಮತ್ತೆ ನನ್ನ ಪೆಟ್ಟಿಗೆಯೊಳಗೆ ಹೋದವು. ಇನ್ನೊಂದು ಸಲ ಒಯ್ದರು. ಇನ್ನೊಂದು ಸಲ ಬಂದವು.

ಮೂರನೆಯ ದಿವಸ ಭಾವ ಹೊಗೆ ತರಲಿಲ್ಲ, ಅಳತೆಯ ಟೇಪು ತಂದರು. ಪೆಟ್ಟಿಗೆಯ ಉದ್ದ ಅಗಲ ತೆಗೆದರು. ಬಗ್ಗಿ ಸೀಳಿನ ಎತ್ತರ ತೆಗೆದರು. ಪಕ್ಕದ ಹಲಗೆ ಮೆಲ್ಲಗೆ ಸರಿಸಿ ಟಾರ್ಚು ಬಿಟ್ಟು ನೋಡಿದರು. ಮೇಲಿನ ಹಲಗೆಗೆ ಅಂಗೈ ಅಗಲದ ಬಿಳಿ ಜೇನಿನ ಎರಿ ಕಟ್ಟಿಬಿಟ್ಟಿದ್ದವು.

“ಅತ್ಗೆ, ಇದ್ರ ನಕ್ಷೆ ಯಾರು ತೆಗೆದದ್ದು?”

“ಆನೇ,” ಅಂದೆ, ನಾನೇ ಅಂತ ಎದೆ ಮುಟ್ಟಿಕೊಂಡು.

“ಎಂಗಳ ಮನೆಲಿ ನಾಲ್ಕು ಪೆಟ್ಟಿಗೆ ಖಾಲಿ ಬಿದ್ದಿದ್ದು, ಒಂದಕ್ಕೂ ಜೇನು ಬೈಂದಿಲ್ಲೆ. ಇದು ಸರಿಯಾಯ್ದು.” ಎದ್ದು ಮೊಣಕಾಲು ಕೊಡವಿಕೊಂಡರು. “ಎಂತದೂ ಬದಲ್ಸಡ. ಹೀಂಗೇ ಇರ್ಲಿ.”

ಹೀಗೇ ಇರಲಿ ಅನ್ನುವ ಮಾತು ಕೇಳಲು ನಾನು ಎಷ್ಟು ಜನರ ಎದುರಿಗೆ ಕೈ ಮುಗಿದಿದ್ದೇನೆ. ಕೇಳಿದ ಹೊತ್ತು ನೋಡಿ. ಜಗಲಿಯ ಮೇಲೆ ಕೂತು ನಿಜವಾಗಿಯೂ ಅತ್ತುಬಿಟ್ಟೆ, ಅಳುವುದರ ನಡುವೆ ನಗುವೂ ಬಂತು. ನಮ್ಮನೆಯವರು ಪಕ್ಕದಲ್ಲಿ ಬಂದು ಕೂತು, “ಇನ್ನೊಂದು ಮಾಡ್ಸಿರಾತು” ಅಂದರು. ಇನ್ನೊಂದು ವರ್ಷ ಆ ಮೂವರ ಹಿಂದೆ ತಿರುಗುವ ಶಕ್ತಿ ನನಗಿಲ್ಲ ಅಂದೆ.

ಈಗ ಕಂಪ್ಯೂಟರು ಬಿಸ್ಕಿಟಿನ ರಟ್ಟಿನ ಡಬ್ಬಿಯಲ್ಲಿ ಕೂತು ಕೆಲಸ ಮಾಡುತ್ತದೆ, ಎದುರಿಗೊಂದು ಟೇಬಲ್ ಫ್ಯಾನು. ಪೆಟ್ಟಿಗೆ ಮನೆಯ ಜಗಲಿಯಲ್ಲೇ ಇದೆ. ಬ್ಯಾಂಕಿನವರು, ಮೀಟರ್ ಓದುವವರು, ಬಂದವರಿಗೆಲ್ಲ ಅತ್ತೆ ಅದನ್ನು ತೋರಿಸಿ, “ನಮ್ಮನೆ ಸೊಸೆ ಬರೆದದ್ದು, ಜೇನಿಗೆ ಅಂತ್ಲೇ ಅಳತೆ ತೆಗೆದದ್ದು” ಅನ್ನುತ್ತಾರೆ. ಮೊದಮೊದಲು ಅಲ್ಲ ಅನ್ನುತ್ತಿದ್ದೆ. ಈಗ ಹ್ಞೂಂ ಅನ್ನುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಬರೆದದ್ದನ್ನು ಒಂದು ಗೆರೆ ತಿದ್ದದೆ ಒಪ್ಪಿಕೊಂಡ ಗಿರಾಕಿಗಳು ಅಂದರೆ ಇವೇ. ಅಷ್ಟು ಸಾವಿರ ಹುಳ, ಒಂದಾದರೂ ಪ್ರೂಫ್ ತೋರಿಸಿ ಅನ್ನಲಿಲ್ಲ.